ಧೂಳಿನ ವಯಸ್ಸು ಕೇಳುತ್ತಿದ್ದ ಅಕ್ಕೋರು

೧೯೯೬ರಲ್ಲಿ ನಾನು ಶಾಲೆ ಬಿಟ್ಟೆ, ಏಳನೇ ಇಯತ್ತೆಯ ಅರ್ಧಕ್ಕೆ. ಎಷ್ಟು ಕಲಿತಿದ್ದೀಯ ಎಂದು ನನ್ನನ್ನು ಕೇಳಿದವರು ಬಹಳ ಮಂದಿ. ಬಂದರಿನ ಗುತ್ತಿಗೆದಾರ ಕೇಳಿದ್ದಾನೆ, ಹೆಣ್ಣು ಕೊಡಲು ಬಂದವರು ಕೇಳಿದ್ದಾರೆ, ರೇಷನ್ ಕಾರ್ಡಿನ ಅರ್ಜಿ ತುಂಬುವವನು ಕೇಳಿದ್ದಾನೆ. ಯಾವ ವರ್ಷ ಬಿಟ್ಟೆ ಎಂದು ಕೇಳಿದವರು ಅಕ್ಕೋರು ಒಬ್ಬರೇ.

"ತೊಂಬತ್ತಾರರಾಗ್ರಿ" ಅಂದೆ.

"ಹೆಚ್ಚು-ಕಡಿಮಿ?"

ನನಗೆ ತಿಳಿಯಲಿಲ್ಲ. "ಅಂದ್ರ, ತೊಂಬತ್ತಾರು ಖಾತ್ರಿ ಏನು, ಇಲ್ಲಾ ಒಂದು ವರ್ಷ ಆಚೀಚಿ ಇರಬಹುದೋ?" ಎಂದು ಬಿಡಿಸಿ ಕೇಳಿದರು. ಖಾತ್ರಿ ಇತ್ತು. ಆ ವರ್ಷವೇ ನಮ್ಮಪ್ಪ ಮುದ್ದೇಬಿಹಾಳದ ಕಡೆಯಿಂದ ನಮ್ಮನ್ನೆಲ್ಲ ಗೋವಾಕ್ಕೆ ಕರೆತಂದು ಸಡಾದ ಗುಡ್ಡದ ಮೇಲೆ ತಗಡಿನ ಖೋಲಿ ಹಿಡಿದದ್ದು. ಹಾಗೆಂದು ಹೇಳಿದ ಮೇಲೆ ಅಕ್ಕೋರು ತಲೆಯಾಡಿಸಿದರು. ಯಾವ ಅಂಕಿ ಹೇಳಿದರೂ ಅದರ ಹಿಂದೆ ಹೆಚ್ಚು-ಕಡಿಮೆ ಎಷ್ಟು ಅನ್ನುವುದು ಬೇಕಿತ್ತು ಅವರಿಗೆ. ಹತ್ತು ಗಂಟೆಗೆ ಬರುತ್ತೇನೆ ಅಂದರೆ ಹೆಚ್ಚು-ಕಡಿಮಿ ಎಷ್ಟು ಅನ್ನುವರು. ಕ್ಯಾಂಟೀನಿನಲ್ಲಿ ಚಹಾ ಎರಡು ನಿಮಿಷಕ್ಕೆ ಬರುತ್ತದೆ ಎಂದವನಿಗೂ ಅದೇ ಪ್ರಶ್ನೆ.

ಅವರ ಹೆಸರು ಡಾಕ್ಟರ್ ವತ್ಸಲಾ ಇನಾಮದಾರ. ಧಾರವಾಡದವರು, ಗೋವಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಅಲ್ಲಿ ಎಲ್ಲರೂ ಮೇಡಮ್ ಅನ್ನುತ್ತಿದ್ದರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತೇವೆ. ನನ್ನ ಬಾಯಿಗೆ ಅದೇ ಬಂತು, ಅದೇ ಉಳಿಯಿತು. ಗಾಳಿಯಲ್ಲಿ ಹಾರಿ ಬಂದ ಉಸುಕು, ಧೂಳು ಎಷ್ಟು ವರ್ಷದ ಹಿಂದೆ ಬಂದು ಕೂತಿತು ಎಂದು ಕಂಡುಹಿಡಿಯುವುದು ಅವರ ಕೆಲಸ. ಧೂಳು ಬಹಳ ಹಾರಿದ ಕಾಲವೆಂದರೆ ಸಾಮಾನ್ಯವಾಗಿ ಮಳೆ ಸೋತ ಕಾಲ. ಒಂದೊಂದು ಪದರಿಗೆ ವಯಸ್ಸು ಹಚ್ಚುತ್ತ ಹೋದರೆ ಹಿಂದೆ ಹವಾಮಾನ ಯಾವಾಗ, ಹೇಗೆ ತಿರುಗಿತು ಅನ್ನುವುದು ಗೊತ್ತಾಗುತ್ತದೆ. ಇದು ನಾನು ಈಗ ಹೇಳುವ ಮಾತು. ಮೊದಲ ದಿನ ಅವರನ್ನು ನೋಡಿದಾಗ ತಲೆ ಕೆಟ್ಟ ಹೆಂಗಸು ಅಂದುಕೊಂಡಿದ್ದೆವು.

ದಕ್ಷಿಣ ಗೋವಾದ ಸಮುದ್ರದ ದಂಡೆಯ ಹತ್ತಿರ ಯಾರದೋ ಬಂಗಲೆಗಾಗಿ ಹಳೆಯ ಉಸುಕಿನ ದಿಬ್ಬವೊಂದನ್ನು ಕಡಿದಿದ್ದರು. ಕಡಿದ ಕಡೆ ಎರಡಾಳೆತ್ತರ ಮಣ್ಣು ಗೋಡೆಯ ಹಾಗೆ ನಿಂತಿತ್ತು. ಅದು ಕುಸಿಯದಂತೆ ಮುಂದೆ ಕಲ್ಲಿನ ಗೋಡೆ ಎಬ್ಬಿಸಬೇಕಿತ್ತು. ಅದರ ಪಾಯ ತೋಡಲು ಮುಕಾದಮ ಮಲ್ಲಪ್ಪ ಸಡಾದಿಂದ ನಮ್ಮನ್ನು ಏಳು ಮಂದಿಯನ್ನು ಕರೆದುಕೊಂಡು ಹೋಗಿದ್ದ. ನಾವು ಗುದ್ದಲಿ ಇಳಿಸುವಷ್ಟರಲ್ಲಿ ಆ ಮಣ್ಣಿನ ಗೋಡೆಗೆ ಮೂಗು ಹಚ್ಚಿ ಒಬ್ಬ ಹೆಂಗಸು ನಿಂತಿದ್ದರು. ಅರವತ್ತರ ಹತ್ತಿರದ ವಯಸ್ಸು, ಚೂಡಿದಾರದ ಮೇಲೆ ಗಂಡಸರ ಅಂಗಿ, ಕಾಲಿಗೆ ಕ್ಯಾನ್ವಾಸ್ ಬೂಟು. ಚಾಕುವಿನಿಂದ ಒಂದು ಚಿಟಿಕೆ ಮಣ್ಣು ಕೆರೆದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಮುಂದಿನ ಹಲ್ಲಿನಲ್ಲಿ ಕಡಿದರು. ಉಗುಳಿದರು. ಒಂದು ಗೇಣು ಕೆಳಗೆ ಸರಿದು ಮತ್ತೊಂದು ಚಿಟಿಕೆ.

"ಈ ವಯಸ್ಸಿನಾಗ ಬಯಕಿ ಹತ್ತೇತಿ ನೋಡ್ರಲೇ ಬಾಯೋರಿಗೆ" ಅಂದ ಮಲ್ಲಪ್ಪ. ಬಸುರಿಯರು ಮಣ್ಣು ತಿನ್ನುವುದನ್ನು ಕಂಡವರೇ ನಾವೆಲ್ಲ. ನಕ್ಕೆವು. ಗೋವಾದಲ್ಲಿ ಕನ್ನಡದಲ್ಲಿ ಏನು ಅಂದರೂ ನಡೆಯುತ್ತದೆ ಅನ್ನುವುದು ನಮ್ಮ ಧೈರ್ಯ.

ಅವರು ತುಟಿ ಒರೆಸಿಕೊಂಡು ತಿರುಗಿದರು. "ಬಯಕಿ ಅಲ್ಲಪಾ. ಉಸುಕೋ ಧೂಳೋ ಅಂತ ನೋಡ್ಲಿಕ್ಕತ್ತೀನಿ. ನೀನೂ ಒಂದು ಚೂರು ತಿಂದು ನೋಡ್ತೀ ಏನು?"

ಮಲ್ಲಪ್ಪ ಗಾಬರಿಯಲ್ಲಿ ತನ್ನ ಗುದ್ದಲಿ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

ಉಸುಕಾದರೆ ಹಲ್ಲಿಗೆ ಕರಕರ ಅನ್ನುತ್ತದೆ, ಜೇಡಿಯಾದರೆ ಬೆಣ್ಣೆಯ ಹಾಗೆ ಜಾರುತ್ತದೆ, ಗಾಳಿ ತಂದ ಧೂಳು ಎರಡರ ನಡುವೆ, ರವೆಗಿಂತ ಸಣ್ಣ, ಹಿಟ್ಟಿಗಿಂತ ಒರಟು. ಇದನ್ನು ಅವರು ಅವತ್ತೇ ನಮಗೆ ಹೇಳಿದರು. ಗೋಡೆಯಲ್ಲಿ ಒಂದು ಕಪ್ಪು ಪಟ್ಟಿ ಇತ್ತು, ಅದರ ಕೆಳಗೆ ಒಂದು ಗೇಣು ದಪ್ಪದ, ಕಡಲೆಹಿಟ್ಟಿನ ಬಣ್ಣದ ಪದರು. ಮೇಲೂ ಕೆಳಗೂ ಬರೀ ಉಸುಕು. ಆ ಪದರೇ ಧೂಳು. "ಅರಬಸ್ತಾನದ ಕಡಿಂದ ಸಮುದ್ರ ದಾಟಿ ಬಂದಿರಬಹುದು" ಅಂದರು. ನಾವು ಬಾಯಿ ತೆರೆದು ನೋಡುತ್ತಿದ್ದಾಗ, "ಬಂದಿರಬಹುದು ಅಂದೆ. ಬಂದದ ಅನ್ನಲಿಲ್ಲ" ಎಂದು ಸೇರಿಸಿದರು.

ಅವರ ಜೊತೆ ಬಂದಿದ್ದ ಸಂಶೋಧಕ ಒಂದು ಮೊಳ ಉದ್ದದ ಉಕ್ಕಿನ ಪೈಪನ್ನು ಆ ಗೋಡೆಗೆ ಅಡ್ಡವಾಗಿ ಹೊಡೆಯುತ್ತಿದ್ದ. ಅದು ಸೊಟ್ಟ ಹೋಗುತ್ತಿತ್ತು, ಮಣ್ಣು ಉದುರುತ್ತಿತ್ತು. ನೋಡಲಾಗದೆ "ಕೊಡ್ರಿ ಇಲ್ಲೆ" ಎಂದು ಸುತ್ತಿಗೆ ಇಸಿದುಕೊಂಡೆ. ನನ್ನ ಕೈಯ ಕೆಲಸದ ಬಗ್ಗೆ ನಾನು ಸುಮ್ಮನೆ ಹೇಳುವವನಲ್ಲ, ಆದರೆ ನಾನು ಹೊಡೆದದ್ದು ಸೊಟ್ಟ ಹೋಗುವುದಿಲ್ಲ. ಪೈಪು ಒಳಗೆ ಹೋದ ಮೇಲೆ ಅಕ್ಕೋರು ನಮ್ಮ ಗೌಂಡಿಯ ರಸಮಟ್ಟ ಕೇಳಿ ಅದರ ಮೇಲಿಟ್ಟು ನೋಡಿದರು. ಗುಳ್ಳೆ ಸರಿಯಾಗಿ ನಡುವೆ ನಿಂತಿತು.

"ಎಷ್ಟು ಪೆಟ್ಟು ಹೊಡದಿ?"

"ಹದಿನಾಕು ಪೆಟ್ಟು ರೀ."

"ಹೆಚ್ಚು-ಕಡಿಮಿ?"

"ಎಣಿಸೀನ್ರಿ ನಾ. ಹದಿನಾಕು ಅಂದ್ರ ಹದಿನಾಕು."

ಅವರು ರಸಮಟ್ಟವನ್ನು ಗೌಂಡಿಗೆ ತಿರುಗಿ ಕೊಟ್ಟರು. "ಖರೇ ಅದ. ಎಣಿಸಿದ್ದಕ್ಕ ಹೆಚ್ಚು-ಕಡಿಮಿ ಇರಂಗಿಲ್ಲ. ಅಳದದ್ದಕ್ಕ ಇರ್ತದ."

ಅವತ್ತು ಒಂಬತ್ತು ಪೈಪು ಹೊಡೆದೆ. ಧೂಳಿನ ಪದರಿನ ಮೇಲಿನ ಉಸುಕಿಗೆ ಮೂರು, ಕೆಳಗಿನ ಉಸುಕಿಗೆ ಮೂರು, ಧೂಳಿಗೇ ಮೂರು. ಹೊರಗೆ ತೆಗೆದ ಕೂಡಲೆ ಅಕ್ಕೋರು ಎರಡೂ ತುದಿಗೆ ಮುಚ್ಚಳ ಒತ್ತಿ, ಕಪ್ಪು ಪ್ಲಾಸ್ಟಿಕ್ ಸುತ್ತಿ, "ಬಿಗಿ ಕಟ್ಟು" ಅನ್ನುತ್ತಿದ್ದರು. ನಮ್ಮವ್ವ ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಬಿಗಿಯುತ್ತಿದ್ದ ಹಾಗೆ ಬಿಗಿದೆ. ಆಮೇಲೆ ಅವರೇ ಓಡಾಡಿ ಸಂಸ್ಥೆಯಲ್ಲಿ ನನ್ನನ್ನು ದಿನಗೂಲಿಯ ರೋಜಿನ ಮೇಲೆ ಹಚ್ಚಿಕೊಂಡರು. ಪೈಪು ಹೊಡೆಯುವುದು, ಪೆಟ್ಟಿಗೆ ಹೊರುವುದು, ಸ್ಟೋರು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಮನೆಯವಳು ಕಸ್ತೂರಿ, "ಅಂತೂ ಮಣ್ಣು ಹೊರೂದು ತಪ್ಪಲಿಲ್ಲ, ಈಗ ಪೆಟಿಗಿಯೊಳಗ ಹೊರ್ತೀರಿ" ಅಂದಳು.

ಅಕ್ಕೋರ ಪ್ರಯೋಗದ ಕೋಣೆಗೆ ಕಿಟಕಿ ಇರಲಿಲ್ಲ. ಎರಡು ಬಾಗಿಲು, ನಡುವೆ ಕಪ್ಪು ಪರದೆ, ಒಳಗೆ ಮಂದವಾದ ಒಂದು ಕೆಂಪು ದೀಪ. ಬೆಳಿಗ್ಗೆ ಒಳಗೆ ಹೋದವರು ಸಂಜೆ ನಾಲ್ಕಕ್ಕೆ ಹೊರಬಂದು ಮೆಟ್ಟಿಲ ಮೇಲೆ ಬಿಸಿಲಿಗೆ ಮುಖ ಒಡ್ಡಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಎದುರಿಗೆ ಯಾರು ಹಾದರೂ ಮಾತಿಲ್ಲ. ಒಂದು ಕಪ್ಪು ಚಹಾ ಆರುವಷ್ಟು ಹೊತ್ತು. ಅದು ಏಕೆ ಅನ್ನುವುದು ನನಗೆ ತಿಳಿಯುವ ಹೊತ್ತಿಗೆ ನಾನು ಅವರ ಕೆಲಸ ಕೆಡಿಸಿಯಾಗಿತ್ತು.

ನಾನು ಸೇರಿ ಎರಡು ತಿಂಗಳಾಗಿತ್ತು. ದಸರೆಗೆ ಅಕ್ಕೋರು ಧಾರವಾಡಕ್ಕೆ ಹೋಗಿದ್ದರು. ಖಂಡೇನವಮಿಯ ದಿನ ದುಡಿಯುವ ಮನುಷ್ಯ ತನ್ನ ಹತ್ಯಾರ ತೊಳೆದು ಪೂಜೆ ಮಾಡದೆ ಇರುವುದುಂಟೇ? ಬಂದರಿನಲ್ಲಿದ್ದಾಗ ಕೊಕ್ಕೆ ಪೂಜಿಸಿದ್ದೇನೆ, ಪರ್ವರಿಯಲ್ಲಿ ಕಟ್ಟಡದ ಕೆಲಸಕ್ಕಿದ್ದಾಗ ಗುದ್ದಲಿ, ಬುಟ್ಟಿ. ಇಲ್ಲಿ ನನ್ನ ಹತ್ಯಾರ ಅಂದರೆ ಸುತ್ತಿಗೆ ಮತ್ತು ಪೈಪು. ಸ್ಟೋರಿನಲ್ಲಿ ಖಾಲಿ ಪೈಪು ಆರು ಇದ್ದವು. ಇನ್ನೂ ಮೂರು ಕಪ್ಪು ಪ್ಲಾಸ್ಟಿಕ್ಕಿನಲ್ಲೇ ಮೂಲೆಯ ಪೆಟ್ಟಿಗೆಯಲ್ಲಿದ್ದವು. ಆರರ ಮಣ್ಣು ಪ್ರಯೋಗಕ್ಕೆ ಒಳಗೆ ಹೋಗಿದೆ, ಇವು ಬೇಡವಾಗಿ ಉಳಿದವು, ಮಣ್ಣು ತುಂಬಿದ ಹತ್ಯಾರಕ್ಕೆ ಪೂಜೆ ಮಾಡುವುದು ಹೇಗೆ ಅನ್ನಿಸಿತು. ಮೂರನ್ನೂ ಮಾಳಿಗೆಯ ಮೇಲಿನ ಗಚ್ಚಿಗೆ ಒಯ್ದು ಬಿಚ್ಚಿದೆ. ಒಳಗಿನ ಮಣ್ಣು ಚೆಲ್ಲಲಿಲ್ಲ. ನಾನು ಹಾಗೆ ಚೆಲ್ಲುವವನಲ್ಲ. ಬೇರೆ ಬೇರೆ ಪೇಪರಿನ ಮೇಲೆ ಹರವಿ, ಅರ್ಧ ದಿನ ಒಳ್ಳೆ ಬಿಸಿಲಿಗೆ ಒಣಗಿಸಿ, ಪುಡಿ ಮಾಡಿ, ಪೈಪಿನ ಮೇಲಿದ್ದ ನಂಬರನ್ನೇ ಬರೆದು ಮೂರು ಪೊಟ್ಟಣ ಕಟ್ಟಿದೆ. ಒಂಬತ್ತೂ ಪೈಪನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ವಿಭೂತಿ ಎಳೆದು, ಚೆಂಡುಹೂ ಏರಿಸಿದೆ. ಕಾಯಿ ಒಡೆದೆ. ಅಷ್ಟು ಚೆಂದದ ಪೂಜೆ ನಾನು ಬೇರೆ ಯಾವ ವರ್ಷವೂ ಮಾಡಿದ್ದಿಲ್ಲ.

ದಸರೆ ಮುಗಿದು ಅಕ್ಕೋರು ಬಂದರು. ಕೈಯಲ್ಲಿ ಧಾರವಾಡದಿಂದ ತಂದ ಬನ್ನಿ ಎಲೆ. "ತಗೋ ಹಣಮಂತ, ಬಂಗಾರ" ಎಂದು ಕೊಟ್ಟರು. ಕಾಲು ಮುಟ್ಟಿ ಎಲೆ ಇಸಿದುಕೊಂಡೆ. ಆಮೇಲೆ ಅವರ ಕಣ್ಣು ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಪೈಪುಗಳ ಮೇಲೆ ಹೋಯಿತು. ಎಣಿಸಿದರು. ತುಟಿ ಅಲುಗಿದ್ದು ಕಾಣುತ್ತಿತ್ತು.

"ಒಂಬತ್ತು ಹೆಂಗ ಆದವು?"

ನಾನು ಹೆಮ್ಮೆಯಿಂದ ಹೇಳಿದೆ. ಪೊಟ್ಟಣ ತೋರಿಸಿದೆ. ಅವರು ಸ್ಟೂಲಿನ ಮೇಲೆ ಕೂತರು. ಉಳಿದ ಬನ್ನಿ ಎಲೆಗಳು ಕೈಯಲ್ಲೇ ಇದ್ದವು.

"ಆ ಬಂಗಲೆದ ಹಿಂದ ಕಲ್ಲಿನ ಗ್ವಾಡಿ ಕಟ್ಟಿ ಮುಗಿಸ್ಯಾರೇನು?"

"ಮುಗಿಸ್ಯಾರ್ರಿ. ಪಾಯಾ ನಾವ ತೋಡಿದ್ದಲ್ರಿ?"

"ಹೌದಲ್ಲ" ಅಂದರು.

ಆಮೇಲೆ ನನ್ನನ್ನು ಮೊದಲ ಸಲ ಆ ಕೆಂಪು ಬೆಳಕಿನ ಕೋಣೆಯ ಒಳಗೆ ಕರೆದುಕೊಂಡು ಹೋದರು. "ನಾ ನಿನಗ ಪೈಪು ಹೆಂಗ ಹೊಡಿಬೇಕು ಅಂತ ಹೇಳಿದೆ. ಯಾಕ ಹೊಡಿಬೇಕು ಅಂತ ಹೇಳಲಿಲ್ಲ. ಈಗ ಕೇಳು" ಅಂದರು. "ನಿಮ್ಮ ಸಡಾದಾಗ ನಳ ಹನಿ ಹನಿ ಬರ್ತದಲ್ಲ? ಕೊಡ ಇಟ್ಟು ಹೋಗ್ತೀರಿ. ತಿರುಗಿ ಬಂದು ನೋಡಿದ್ರ ಅರ್ಧ ತುಂಬೇದ. ನಳ ತಾಸಿಗೆ ಎಷ್ಟು ಹನೀತದ ಗೊತ್ತಿದ್ರ, ಕೊಡ ಇಟ್ಟು ಎಷ್ಟು ತಾಸಾತು ಹೇಳಬಹುದು. ಹೌದಿಲ್ಲೋ? ಈ ಧೂಳಿನ ಕಣಾನೂ ಕೊಡ ಇದ್ದಂಗ. ನೆಲದಾಗ ಹುಗದಿದ್ದಾಗ ಸುತ್ತಲಿನ ಮಣ್ಣಿನ ಕಿರಣ ಹನಿ ಹನಿ ಅದರಾಗ ತುಂಬತಾವ. ನಾವು ಕತ್ತಲಿಯೊಳಗ ತಂದು, ಮಶೀನಿನಾಗ ಸ್ವಲ್ಪ ಬೆಳಕು ಬಿಟ್ರ, ತುಂಬಿದ್ದೆಲ್ಲಾ ಮಿಣುಕಿ ಹೊರಗ ಬರ್ತದ. ಅದನ್ನ ಅಳೀತೀವಿ."

"ಬಿಸಿಲು ಬಿದ್ರ ಏನಾಗತೈತ್ರಿ?"

"ಬಿಸಿಲು ಕೊಡಾನ ಬೋರಲು ಹಾಕ್ತದ."

"ಹಂಗಾರ ನಾ ಮೂರು ಕೊಡ ಚೆಲ್ಲೀನ್ರಿ" ಅಂದೆ.

"ಚೆಲ್ಲೀದಿ. ಎಷ್ಟೋ ಸಾವಿರ ವರ್ಷ ತುಂಬಿದ್ದನ್ನ ಅರ್ಧ ದಿನದಾಗ ಚೆಲ್ಲೀದಿ." ಸಿಟ್ಟಿನಿಂದ ಅಂದದ್ದಲ್ಲ. ಲೆಕ್ಕ ಹೇಳುವ ಹಾಗೆ ಹೇಳಿದರು. ನಾನು ಬಿಚ್ಚಿದ ಮೂರೂ ಪೈಪು ಧೂಳಿನ ಪದರಿನವೇ ಆಗಿದ್ದವು. ಬರುವ ಮಾರ್ಚಿಗೆ ಅವರಿಗೆ ನಿವೃತ್ತಿ. ಗೋವಾದ ದಂಡೆಯಲ್ಲಿ ಅಂಥ ಧೂಳಿನ ಪದರು ಅವರಿಗೆ ಸಿಕ್ಕಿದ್ದು ಅದೊಂದೇ ಕಡೆ. ಅದಕ್ಕೆ ಒಂದು ವಯಸ್ಸು ಹಚ್ಚಿ ಹೋಗಬೇಕು ಅನ್ನುವುದು ಅವರ ಕಡೆಯ ಕೆಲಸ. ಅದರ ಮುಂದೆ ಈಗ ಕಲ್ಲಿನ ಗೋಡೆ ನಿಂತಿತ್ತು.

ಮೇಲಿನವರಿಗೆ ಸುದ್ದಿ ಮುಟ್ಟಿತು. ಇಂಥವನನ್ನು ಏಕೆ ಇಟ್ಟುಕೊಂಡಿರಿ ಎಂದು ಕೇಳಿದರಂತೆ. ಅಕ್ಕೋರು ಅಲ್ಲಿಂದ ಬಂದವರೇ ತಮ್ಮ ಕ್ಷೇತ್ರಕಾರ್ಯದ ವಹಿ ತೆರೆದರು. ಆ ವಹಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಆ ಒಂದು ಹಾಳೆಯನ್ನು ಮಾತ್ರ ನನಗೆ ಓದಲಿಕ್ಕೆ ಬರಲಿ ಎಂದು ಕನ್ನಡದಲ್ಲಿ ಬರೆದರು. 'ಮೂರು ಪೈಪುಗಳಿಗೆ ಬಿಸಿಲು ತಾಗಿತು. ಬೆಳಕು ಬೀಳಬಾರದೆಂದು ಹಣಮಂತನಿಗೆ ನಾನು ಹೇಳಿರಲಿಲ್ಲ. ತಪ್ಪು ನನ್ನದು.' ಕೆಳಗೆ ಸಹಿ.

"ಇದು ಸುಳ್ಳು ಐತ್ರಿ" ಅಂದೆ.

"ಯಾವದು ಸುಳ್ಳು?"

"ಬಿಚ್ಚಿದಾಂವ ನಾನು. ಕೇಳಿ ಬಿಚ್ಚಬೇಕಿತ್ತು, ಕೇಳಲಿಲ್ಲ. ಇಪ್ಪತ್ತು ವರ್ಷ ದುಡದೇನ್ರಿ ಈ ಊರಾಗ, ಯಾರ ಕೆಲಸಾನೂ ಕೆಡಿಸಿಲ್ಲ. ಇವತ್ತು ಕೆಡಿಸಿದ್ದನ್ನ ನೀವು ನಿಮ್ಮ ಹೆಸರಿಗೆ ಬರಕೊಂಡ್ರ ನಾ ಏನು ಸಣ್ಣ ಹುಡುಗನೇನ್ರಿ?"

ಅಕ್ಕೋರು ಪೆನ್ನು ನನ್ನ ಕಡೆ ಸರಿಸಿದರು. ಬಹಳ ದಿನದ ಮೇಲೆ ಬರೆದದ್ದು, ಅಕ್ಷರ ದೊಡ್ಡ ದೊಡ್ಡದಾದವು. 'ಬಿಚ್ಚಿದವನು ನಾನು. ಹಣಮಂತ.'

ಅವರು ಓದಿದರು. "ಆತು. ಅರ್ಧ ನಿಂದು, ಅರ್ಧ ನಂದು. ಹೆಚ್ಚು-ಕಡಿಮಿ ಆಮ್ಯಾಲ ನೋಡೋಣಂತ." ನನ್ನನ್ನು ಕೆಲಸದಿಂದ ತೆಗೆಯುವ ಮಾತು ಮತ್ತೆ ಬರಲಿಲ್ಲ.

ಮನೆಗೆ ಬಂದು ಹೇಳಿದಾಗ ಕಸ್ತೂರಿ, "ಬಿಸಿಲಿಗಿ ಇಟ್ರ ಉಸುಕೂ ಕೆಡತೈತಿ ಅಂತ ಯಾರಿಗಿ ಗೊತ್ತಿತ್ತು. ನಾ ಬರೇ ಸಂಡಿಗಿ ಕಾಯ್ಕೋತ ಕುಂತಿದ್ದೆ" ಅಂದಳು. ನಗು ಬರಲಿಲ್ಲ ನನಗೆ. ತಪ್ಪಿಗೆ ಸಹಿ ಹಾಕಿದರೆ ತಪ್ಪು ತೀರುವುದಿಲ್ಲ. ಒಂದೇ ಯೋಚನೆ. ದಿಬ್ಬ ಕಡಿದದ್ದು ಒಂದು ಕಡೆ, ಪದರು ಅಲ್ಲಿಗೇ ಮುಗಿಯುತ್ತದೆಯೇ? ಧೂಳು ಬಿದ್ದದ್ದು ಬಂಗಲೆಯ ಗಡಿ ನೋಡಿ ಬಿದ್ದಿರಲಿಕ್ಕಿಲ್ಲ. ಅಕ್ಕಪಕ್ಕದಲ್ಲಿ ಯಾರಾದರೂ ನೆಲ ತೋಡಿದ್ದರೆ ಕಂಡಿರಬೇಕು. ಗೋವಾದಲ್ಲಿ ನೆಲ ತೋಡುವವರು ಯಾರು? ನಮ್ಮವರೇ.

ಅವತ್ತಿನಿಂದ ಸಂಜೆ ಕೆಲಸ ಬಿಟ್ಟ ಮೇಲೆ ಸಡಾದಲ್ಲಿ ಮನೆ ಮನೆ ಕೇಳಿದೆ. ಭಾನುವಾರ ಕೂಲಿಯವರು ಕೆಲಸಕ್ಕೆ ಕಾಯುವ ನಾಕಾಗಳಿಗೆ ಹೋದೆ. ಆ ದಂಡೆಯ ಕಡೆ ಬಾವಿ, ಪಾಯ, ಟಾಕಿ ಏನು ತೋಡಿದಿರಿ, ಕಪ್ಪು ಪಟ್ಟಿಯ ಕೆಳಗೆ ಕಡಲೆಹಿಟ್ಟಿನಂಥ ಮಣ್ಣು ಬಂತೇ? ಕೆಲವರು ನಕ್ಕರು. "ಯಾಕಲೇ ಹಣಮ್ಯಾ, ಭಜಿ ಮಾಡಾವೇನು?" ಅಂದರು. ಅನ್ನಲಿ. ಮೂರು ವಾರದ ಮೇಲೆ ಮಲ್ಲಪ್ಪನೇ ಮನೆಗೆ ಬಂದ. ಆ ಬಂಗಲೆಗೆ ಎರಡು ಗದ್ದೆ ಆಚೆ ಒಬ್ಬ ಮುದುಕನ ಮನೆಯ ಹಿಂದೆ ಸಂಡಾಸದ ಟಾಕಿಗೆ ಗುಂಡಿ ತೋಡುತ್ತಿದ್ದಾರೆ, ಹಳದಿ ಮಣ್ಣು ಬಂದಿದೆ, ನಾಡಿದ್ದು ಒಳಗೆ ಕಲ್ಲು ಕಟ್ಟುತ್ತಾರೆ ಅಂದ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಹೊಸ ಗುಂಡಿ, ಆಳೆತ್ತರಕ್ಕಿಂತ ಆಳ. ಏಣಿ ಇಳಿದೆ. ಕಪ್ಪು ಪಟ್ಟಿ ಇತ್ತು, ಅದರ ಕೆಳಗೆ ಬಣ್ಣ ಸರಿ ಇತ್ತು. ಆದರೆ ಬಣ್ಣ ನೋಡಿ ಹೇಳಿದರೆ ಅಕ್ಕೋರು ಒಪ್ಪುವುದಿಲ್ಲ. ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ಕರಕರ ಅನ್ನಲಿಲ್ಲ, ಜಾರಲೂ ಇಲ್ಲ. ರವೆಗಿಂತ ಸಣ್ಣ, ಹಿಟ್ಟಿಗಿಂತ ಒರಟು. ಮೇಲಿನಿಂದ ಮಲ್ಲಪ್ಪ ಬಗ್ಗಿ ನೋಡುತ್ತಿದ್ದ. "ಲೇ, ಅದು ಸಂಡಾಸದ ಗುಂಡಿ ಐತಿ" ಅಂದ. ಇನ್ನೂ ಬಳಸಿಲ್ಲವಲ್ಲ ಎಂದೆ. ಅಲ್ಲಿಂದಲೇ ಅಕ್ಕೋರಿಗೆ ಫೋನು ಮಾಡಿದೆ.

"ಕಡದು ನೋಡಿದೇನು?" ಅದೊಂದೇ ಕೇಳಿದರು.

"ನೋಡೇನ್ರಿ."

"ಬಂದೆ."

ಮನೆಯ ಯಜಮಾನ ಎಂಬತ್ತರ ಮುದುಕ, ಬನಿಯನ್ನು ಹಾಕಿಕೊಂಡು ಅಂಗಳದಲ್ಲಿ ಕೂತಿದ್ದ. ಕಪ್ಪು ತಾಡಪತ್ರಿ, ಪೈಪು, ಪೆಟ್ಟಿಗೆ ಇಳಿಯುವುದನ್ನು ನೋಡಿ, "ಹಾಂಗಾ ಭಾಂಗಾರ್ ಆಸಾ ಬಾಯ್?" ಎಂದು ಕೇಳಿದ. ಇಲ್ಲಿ ಬಂಗಾರ ಇದೆಯಾ ಅಂತ. ಅಕ್ಕೋರು ಕೊಂಕಣಿಯಲ್ಲೇ, ಬಂಗಾರವಲ್ಲ, ಬಹಳ ಹಳೆಯ ಧೂಳು ಇದೆ, ಒಂದು ದಿನ ಕಲ್ಲು ಕಟ್ಟುವುದನ್ನು ನಿಲ್ಲಿಸಿ ಎಂದು ಕೇಳಿಕೊಂಡರು. ಇಷ್ಟು ವರ್ಷ ಕಾದಿದೆ, ಒಂದು ದಿನ ಸಂಡಾಸ ಕಾಯಲಿ ಎಂದ ಮುದುಕ.

ಗುಂಡಿಯ ಬಾಯಿಗೆ ತಾಡಪತ್ರಿ ಹೊದಿಸಿ ಅಂಚಿಗೆ ಕಲ್ಲು ಹೇರಿದೆವು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕೆಂಪು ಕಾಗದ ಸುತ್ತಿದ ಒಂದು ಟಾರ್ಚು. ಆ ವಯಸ್ಸಿನಲ್ಲಿ ಅಕ್ಕೋರು ಬಿದಿರಿನ ಏಣಿ ಇಳಿದು ನನ್ನ ಪಕ್ಕದಲ್ಲಿ ನಿಂತರು. ಗೋಡೆಯ ಬಿಸಿಲು ಕಂಡ ಮಣ್ಣನ್ನು ಒಂದು ಗೇಣು ಕೆರೆದು ತೆಗೆದೆವು. ಗಾಳಿಯಿಲ್ಲದೆ ಇಬ್ಬರಿಗೂ ಬೆವರು ಇಳಿಯುತ್ತಿತ್ತು. ನಾನು ಹೊಡೆದೆ, ಅವರು ಎಣಿಸಿದರು. ಮೊದಲನೆಯದು ಹದಿನಾರು, ಎರಡನೆಯದು ಹದಿನೈದು, ಮೂರನೆಯದು ಹದಿನಾರು. ಈ ಸಲ "ಬಿಗಿ ಕಟ್ಟು" ಅನ್ನಲಿಲ್ಲ. ನಾನೇ ಕಟ್ಟಿದೆ, ಅದರ ಮೇಲೆ ಇನ್ನೊಂದು ಸುತ್ತು ಕಟ್ಟಿದೆ, ನನ್ನ ಅಂಗಿ ಬಿಚ್ಚಿ ಅದರ ಮೇಲೆ ಸುತ್ತಿದೆ.

"ಸಾಕೋ ಮಾರಾಯ, ಒಳಗಿನ ಧೂಳಿಗೆ ಉಸಿರು ಕಟ್ಟೀತು" ಅಂದರು ಅಕ್ಕೋರು.

ಸಿಕ್ಕಿತು ಎಂದು ಅವರು ಹೇಳಲಿಲ್ಲ. ಅದೇ ಪದರು ಹೌದೋ ಅಲ್ಲವೋ ಇನ್ನೂ ಗೊತ್ತಿಲ್ಲ ಅಂದರು. ಬಂಗಲೆಯ ಹಿಂದಿನ ಮಣ್ಣಿನ ಗೋಡೆಯಿಂದ ಮೊದಲು ತೆಗೆದ, ಕೆಡದೆ ಉಳಿದ ಆರು ಪೈಪು ಇದ್ದವಲ್ಲ, ಧೂಳಿನ ಮೇಲಿನವು ಮೂರು, ಕೆಳಗಿನವು ಮೂರು. ಹೊಸ ಧೂಳಿನ ವಯಸ್ಸು ಅವುಗಳ ನಡುವೆ ಬಿದ್ದರೆ ಅದೇ ಪದರು ಎಂದು ನಂಬಬಹುದು. ಮೇಲೋ ಕೆಳಗೋ ಹೋದರೆ ಬೇರೆ ಯಾವುದೋ ಧೂಳು, ನನ್ನ ಮೂರು ವಾರದ ಓಡಾಟ ದಂಡ.

ಈ ಕೆಲಸದಲ್ಲಿ ಅವಸರವಿಲ್ಲ. ಧೂಳನ್ನು ನೀರಿನಲ್ಲಿ ಕದಡಿ ಸಣ್ಣದು ದೊಡ್ಡದು ಬೇರೆ ಮಾಡಬೇಕು, ಆಸಿಡ್ಡಿನಲ್ಲಿ ತೊಳೆಯಬೇಕು, ಉಳಿದದ್ದನ್ನು ಸಣ್ಣ ಬಿಲ್ಲೆಗಳಿಗೆ ಹಚ್ಚಿ ಒಂದೊಂದು ಬಿಲ್ಲೆಯನ್ನು ಮಶೀನಿಗೆ ಕೊಡಬೇಕು. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಆ ನಡುವೆ ಅಕ್ಕೋರು ನನ್ನ ಪೂಜೆಯ ಪೊಟ್ಟಣಗಳನ್ನೂ ಬಿಡಲಿಲ್ಲ. ಬಿಸಿಲು ಧೂಳಿನ ಕೊಡವನ್ನು ಪೂರ್ತಿ ಬರಿದು ಮಾಡುತ್ತದೆ ಅನ್ನುವುದರ ಮೇಲೆ ಅವರ ವಿದ್ಯೆಯೇ ನಿಂತಿದೆ. ಈ ಧೂಳಿನಲ್ಲಿ ಅದು ಖರೇ ಹೌದೋ ಎಂದು ನೋಡಲು ಬಿಸಿಲಿಗೆ ಒಣಗಿಸಿದ ಅದೇ ಧೂಳು ಬೇಕಿತ್ತು. ಒಂದು ಸಂಜೆ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದಾಗ ನನ್ನನ್ನು ಕರೆದು, "ನಿನ್ನ ಪೂಜಿ ಮಣ್ಣು ಸೊನ್ನಿ ತೋರಿಸ್ತು" ಅಂದರು. "ಭಾಳ ಚಲೋ ಒಣಗಿಸೀದಿ. ನಮ್ಮ ಹುಡುಗರಿಗೆ ಹೇಳಿದ್ರೂ ಇಷ್ಟು ಹರವಿ ಒಣಗಿಸ್ತಿದ್ದಿಲ್ಲ."

"ಸೊನ್ನಿ ಅಂದ್ರ ಪೂರಾ ಸೊನ್ನಿ ಏನ್ರಿ?"

"ಹೆಚ್ಚು-ಕಡಿಮಿ ಅದ. ಆದ್ರ ಸೊನ್ನಿಗೆ ಹತ್ತಿಕೊಂಡೇ ಅದ." ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದರು. ಅವತ್ತು ಧೈರ್ಯ ಮಾಡಿ ಕೇಳಿದೆ, ದಿನಾ ಹೀಗೆ ಬಿಸಿಲಿಗೆ ಏಕೆ ಕೂರುತ್ತೀರಿ ಅಂತ. "ಕತ್ತಲಿಯೊಳಗ ಕೂತು ಕೂತು ನಂದೂ ತುಂಬಿರ್ತದ. ಬೋರಲು ಹಾಕೋಬೇಕಲ್ಲ" ಅಂದರು.

ಫೆಬ್ರುವರಿಯ ಒಂದು ಬೆಳಿಗ್ಗೆ ಕರೆಸಿದರು. ಬೋರ್ಡಿನ ಮೇಲೆ ಮೂರು ಅಂಕಿ ಬರೆದಿದ್ದರು, ಪ್ರತಿಯೊಂದರ ಮುಂದೆ ಹೆಚ್ಚು-ಕಡಿಮೆಯ ಚಿಹ್ನೆ. "ಮ್ಯಾಲಿನ ಉಸುಕು ಇದು. ಕೆಳಗಿನ ಉಸುಕು ಇದು. ನಿನ್ನ ಗುಂಡಿ ಧೂಳು ಇದು. ನೀನ ಓದು" ಅಂದರು. ಅಂಕಿ ಓದಲು ಏಳನೇ ಇಯತ್ತೆ ಸಾಕು. ಓದಿದೆ.

"ಯಾವದು ನಡುವಿಂದು?"

"ಗುಂಡಿದ್ರಿ."

"ಹೆಚ್ಚು-ಕಡಿಮಿ ಹಾಕಿ ನೋಡು. ಎಷ್ಟು ಎಳದರೂ ಮ್ಯಾಲಿಂದಕ್ಕ ಮುಟ್ಟತದೇನು? ಕೆಳಗಿಂದಕ್ಕ?"

ಬೆರಳಿನಲ್ಲಿ ಕೂಡಿಸಿ ಕಳೆದು ನೋಡಿದೆ. ಮುಟ್ಟಲಿಲ್ಲ. ಅಕ್ಕೋರು ಸೀಮೆಸುಣ್ಣ ಕೆಳಗಿಟ್ಟು ಕೈ ಜಾಡಿಸಿಕೊಂಡರು. "ಹಂಗಾರ ಮುಗೀತು. ಅದೇ ಧೂಳು."

ಆ ಅಂಕಿ ಇಲ್ಲಿ ಬರೆಯುವುದಿಲ್ಲ. ಹೆಚ್ಚು-ಕಡಿಮೆ ಬಿಟ್ಟು ಬರೆದರೆ ಅಕ್ಕೋರು ಒಪ್ಪುತ್ತಿರಲಿಲ್ಲ, ಅದು ಎಷ್ಟಿತ್ತು ಅನ್ನುವುದು ನನಗೆ ಸರಿಯಾಗಿ ನೆನಪಿಲ್ಲ.

ಮಾರ್ಚಿನ ಕೊನೆಯಲ್ಲಿ ಅವರು ಹೊರಟರು. ಹಾರ, ಶಾಲು, ಭಾಷಣ ಹಿಂದಿನ ದಿನವೇ ಮುಗಿದಿದ್ದವು. ಪಣಜಿಯ ಬಸ್ ಸ್ಟ್ಯಾಂಡಿಗೆ ಪೆಟ್ಟಿಗೆ ಹೊತ್ತು ಹೋದವನು ನಾನೊಬ್ಬನೇ. ಎಲ್ಲರೂ ನೆರಳಿನಲ್ಲಿ ಬಸ್ಸು ಕಾಯುತ್ತಿದ್ದರೆ ಇವರು ಬಿಸಿಲಿನಲ್ಲಿ ನಿಂತರು. ಮಣ್ಣು ಕೆರೆಯುವ ತಮ್ಮ ಚಾಕುವನ್ನು ಬ್ಯಾಗಿನಿಂದ ತೆಗೆದು, "ಧಾರವಾಡದಾಗ ನಾ ಇದರಿಂದ ಏನು ಹೆರೀಲಿ, ಕೊಬ್ಬರಿ?" ಎಂದು ನನ್ನ ಕೈಗಿಟ್ಟರು. ಜೊತೆಗೆ ಮಡಚಿದ ಒಂದು ಹಾಳೆ. ವಹಿ ಸಂಸ್ಥೆಯಲ್ಲೇ ಉಳಿಯಬೇಕು, ಅದಕ್ಕೆ ನಾವಿಬ್ಬರೂ ಸಹಿ ಹಾಕಿದ ಆ ಒಂದು ಪುಟವನ್ನು ಝೆರಾಕ್ಸ್ ಮಾಡಿಸಿದ್ದರು.

"ಮತ್ತ ಯಾವಾಗ ಬರ್ತೀರಿ ಅಕ್ಕೋರ?"

"ದೀಪಾವಳಿ ಮುಂದ."

"ಹೆಚ್ಚು-ಕಡಿಮಿ?" ಎಂದೆ.

ಅವರು ನಕ್ಕಿದ್ದನ್ನು ನಾನು ಹೆಚ್ಚು ಕಂಡವನಲ್ಲ. ಅವತ್ತು ನಕ್ಕರು. "ಕಲತಿ ನೋಡು" ಅಂದರು. ಬಸ್ಸು ಬಂತು. ಎಷ್ಟು ಹೆಚ್ಚು-ಕಡಿಮೆ ಎಂದು ಹೇಳದೆಯೇ ಹತ್ತಿದರು.

ದೀಪಾವಳಿಗೆ ಬರಲಿಲ್ಲ. ಸಂಕ್ರಾಂತಿಗೆ ಫೋನು ಮಾಡಿದಾಗ ಸ್ವಲ್ಪ ಆರಾಮಿಲ್ಲ ಅಂದರು. ಅದರ ಮುಂದಿನ ಮಳೆಗಾಲದಲ್ಲಿ ಅವರ ತಂಗಿ ಫೋನು ಮಾಡಿದರು. ನನಗೆ ಸುದ್ದಿ ತಿಳಿಯುವ ಹೊತ್ತಿಗೆ ಎಲ್ಲ ಮುಗಿದು ನಾಲ್ಕು ದಿನವಾಗಿತ್ತು. ಅವರ ಲೇಖನ ಅಚ್ಚಾಗಿ ಬಂದದ್ದು ಆಮೇಲೆ. ಅಲ್ಲಿ ಕೆಲಸ ಮಾಡುವವರು ಕೊನೆಯ ಪುಟ ತೋರಿಸಿದರು. ಇಂಗ್ಲಿಷಿನಲ್ಲಿ ನನ್ನ ಹೆಸರು ಗುರುತಿಸಲು ನನಗೆ ಬರುತ್ತದೆ. ಎರಡನೆಯ ಜಾಗವನ್ನು ಹುಡುಕಿದವನು ಹಣಮಂತ ಎಂದು ಬರೆದಿದ್ದರು. ಬಿಸಿಲಿಗೆ ಒಣಗಿಸಿದ ಮಣ್ಣಿನ ವಿಷಯ ನಡುವೆ ಎಲ್ಲೋ ಇದೆಯಂತೆ. ಅಲ್ಲಿ ಯಾರ ಹೆಸರೂ ಇಲ್ಲ.

ಈಗಲೂ ನಾನೇ ಪೈಪು ಹೊಡೆಯುತ್ತೇನೆ. ಹೊಸದಾಗಿ ಬಂದವರಿಗೆ ಹೇಗೆ ಹೊಡೆಯಬೇಕು ಎಂದು ತೋರಿಸುವ ಮೊದಲು ಏಕೆ ಹೊಡೆಯಬೇಕು ಎಂದು ಹೇಳುತ್ತೇನೆ. ಸಡಾದ ನಳದ ಮಾತೇ ಹೇಳುತ್ತೇನೆ, ಎಲ್ಲರಿಗೂ ತಿಳಿಯುತ್ತದೆ. ಖಂಡೇನವಮಿಗೆ ಖಾಲಿ ಪೈಪು ಮಾತ್ರ ತೊಳೆಯುತ್ತೇನೆ. ತುಂಬಿದವಕ್ಕೆ ಪ್ಲಾಸ್ಟಿಕ್ಕಿನ ಮೇಲೆಯೇ ವಿಭೂತಿ.

ನನ್ನ ಹತ್ತಿರ ಈಗ ಇರುವುದು ಇಷ್ಟು. ಸಡಾದಲ್ಲಿ ಸ್ಲ್ಯಾಬು ಹಾಕಿದ ಎರಡು ಖೋಲಿ. ಒಬ್ಬಳು ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಸ್ಟೋರಿನಲ್ಲಿ ನನ್ನ ಸುಪರ್ದಿಗೆ ಇಪ್ಪತ್ತೆರಡು ಪೈಪು, ಎರಡು ಸುತ್ತಿಗೆ. ಅಕ್ಕೋರ ಚಾಕು ಒಂದು. ಮಡಚಿದ ಹಾಳೆ ಒಂದು, ಅದರಲ್ಲಿ ತಪ್ಪು ಒಂದು, ಸಹಿ ಎರಡು. ಎಣಿಸಿ ಬರೆದಿದ್ದೇನೆ. ಹೆಚ್ಚು-ಕಡಿಮೆ ಇಲ್ಲ.